ಅಟ್ಟದ ಮೇಲಿನ ಕಾಯಿ, ಕಂಠೀರವದ ಕೋಚು

ಬೆಂಗಳೂರಿನಿಂದ ಹೊರಟ ಬಸ್ಸು ತುಮಕೂರು, ಗುಬ್ಬಿ, ನಿಟ್ಟೂರುಗಳನ್ನು ದಾಟಿ ಕಿಬ್ಬನಹಳ್ಳಿ ಕ್ರಾಸಿಗೆ ಬರುವ ಹೊತ್ತಿಗೆ ಕಿಟಕಿಯಾಚೆಯ ನೋಟವೇ ಬದಲಾಗಿರುತ್ತದೆ. ನೇರ ಹೋದರೆ ತಿಪಟೂರು, ಎಡಕ್ಕೆ ತಿರುಗಿದರೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ಯಾವ ದಿಕ್ಕಿಗೆ ಹೋದರೂ ತೆಂಗು ತಪ್ಪದು. ರಸ್ತೆಯ ಅಂಚಿನಿಂದ ದೂರದ ಗುಡ್ಡಗಳ ಬುಡದವರೆಗೆ ಸಾಲು ಸಾಲು ಮರಗಳು, ನಡುನಡುವೆ ರಾಗಿ ಹೊಲ, ಹುಣಸೆ, ಹಲಸು. ಈ ಸೀಮೆಯಲ್ಲಿ ಒಬ್ಬರ ಅನುಕೂಲ ವಿಚಾರಿಸುವಾಗ ಎಷ್ಟು ಎಕರೆ ಎಂದು ಕೇಳುವುದಕ್ಕಿಂತ ಎಷ್ಟು ಮರ ಎಂದು ಕೇಳುವುದೇ ಹೆಚ್ಚು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದು ಕಂದಿಕೆರೆ. ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಊರು. ಮಳೆ ಬಂದರೆ ಕೆರೆ, ಕೆರೆ ಇದ್ದರೆ ಕೊಳವೆಬಾವಿ, ಕೊಳವೆಬಾವಿ ಇದ್ದರೆ ತೋಟ ಎಂಬ ಲೆಕ್ಕ ಇಲ್ಲಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿರುತ್ತದೆ. ತೋಟದ ಮನೆಗಳಲ್ಲಿ ತಲೆಯೆತ್ತಿ ನೋಡಿದರೆ ಅಟ್ಟ, ಅಟ್ಟದ ತುಂಬ ಸುಲಿಯದ ಕಾಯಿ. ಬಲಿತ ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಕೂರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನುವಾಗಲೇ ಉಂಡೆ ಕೊಬ್ಬರಿ ಆಯಿತೆಂದು ಅರ್ಥ. ಆತುರಪಟ್ಟು ಮೊದಲೇ ಒಡೆದರೆ ಹಸಿ, ಮರೆತು ಬಿಟ್ಟರೆ ಕೌಟು.

ಇಂಥ ಊರಿನ ಜಗುಲಿಯ ಮೇಲೆ ಫುಟ್‌ಬಾಲ್ ಚರ್ಚೆ ನಡೆಯುತ್ತದೆಂದರೆ ಹೊರಗಿನವರಿಗೆ ಸೋಜಿಗವಾದೀತು. ಈ ಕಡೆಯ ಶಾಲೆಗಳ ಆಟವೆಂದರೆ ಕಬಡ್ಡಿ, ಖೋಖೋ, ವಾಲಿಬಾಲು. ಕಾಲ್ಚೆಂಡು ಬಂದದ್ದು ಓದಲು ಹೋದ ಮಕ್ಕಳ ಹಿಂದೆ. ತುಮಕೂರು, ಬೆಂಗಳೂರುಗಳ ಹಾಸ್ಟೆಲುಗಳಿಂದ ಶನಿವಾರದ ಬಸ್ಸಿನಲ್ಲಿ ಬರುವ ಹುಡುಗರ ಚೀಲದಲ್ಲಿ ಒಗೆಯುವ ಬಟ್ಟೆಯ ಜೊತೆಗೆ ನೀಲಿ ಬಣ್ಣದ ಅಂಗಿಯೂ ಇರುತ್ತದೆ. ಅದು ಬೆಂಗಳೂರು ಎಫ್‌ಸಿ ತಂಡದ ಅಂಗಿ.

ಭಾನುವಾರದ ಜಗುಲಿ

2023ರ ಡಿಸೆಂಬರ್ ತಿಂಗಳ ಎರಡನೇ ಭಾನುವಾರ. ಅದು ಬರದ ವರ್ಷ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಎಂದಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಕಂದಿಕೆರೆಯ ಒಂದು ತೋಟದ ಮನೆಯ ಜಗುಲಿಯಲ್ಲಿ ತಾತ ಗೋಡೆಗೆ ಒರಗಿ ಕುಳಿತಿದ್ದರು. ಯಜಮಾನರು ದರದ ಲೆಕ್ಕ ಹಾಕುತ್ತಿದ್ದರು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ ಓದುವ ಮಗ, ಪಿಯುಸಿ ಓದುವ ಅವನ ಚಿಕ್ಕಪ್ಪನ ಮಗ ಮೆಟ್ಟಿಲ ಮೇಲೆ ಜಗಳಕ್ಕೆ ಬಿದ್ದಿದ್ದರು.

ಕಾರಣವಿತ್ತು. ಎರಡು ದಿನ ಹಿಂದೆ, ಶುಕ್ರವಾರ, ಕಂಠೀರವ ಕ್ರೀಡಾಂಗಣದಲ್ಲಿ ತವರಿನ ಅಭಿಮಾನಿಗಳ ಕಣ್ಣೆದುರೇ ಬೆಂಗಳೂರು ತಂಡ ಮುಂಬೈ ಸಿಟಿ ಎದುರು 0-4ರಿಂದ ಸೋತಿತ್ತು. ಮರುದಿನವೇ ಕ್ಲಬ್ಬು ಇಂಗ್ಲೆಂಡಿನ ಕೋಚ್ ಸೈಮನ್ ಗ್ರೇಸನ್ ಅವರನ್ನು ಬೀಳ್ಕೊಟ್ಟಿತು. ತಂಡದ ಹೊಣೆ ತಾತ್ಕಾಲಿಕವಾಗಿ ಸಹಾಯಕ ಕೋಚ್ ರೆನೆಡಿ ಸಿಂಗ್ ಅವರ ಪಾಲಿಗೆ ಬಂತು. ಮುಂದಿನ ಕೋಚ್ ಯಾರು? ಗ್ರೇಸನ್ ಅವರನ್ನು ಕಳಿಸಿದ್ದು ಸರಿಯೇ?

"ಕಳಿಸಿದ್ದು ತಡ ಆಯ್ತು" ಎಂಬುದು ಪಿಯುಸಿ ಹುಡುಗನ ವಾದ. "ಹೋದ ವರ್ಷವೂ ಹಿಂಗೇ ಅಂದಿದ್ರು ಕಣೋ, ಆಮೇಲೆ ಏನಾಯ್ತು?" ಎಂಬುದು ಅಣ್ಣನ ಪ್ರಶ್ನೆ.

ಹೋದ ವರ್ಷದ ಲೆಕ್ಕ

ಅಣ್ಣನ ಪ್ರಶ್ನೆ ಸುಮ್ಮನೆ ಎದ್ದದ್ದಲ್ಲ. 2022-23ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ತಂಡ ಮೊದಲ 12 ಪಂದ್ಯಗಳಲ್ಲಿ ಗೆದ್ದದ್ದು ಮೂರು, ಸಮ ಮಾಡಿಕೊಂಡದ್ದು ಒಂದು, ಸೋತದ್ದು ಎಂಟು. ಗಳಿಸಿದ ಅಂಕ ಹತ್ತು. ಕೋಚನ್ನು ಬದಲಿಸಿ ಎಂಬ ಕೂಗು ಆಗಲೂ ಎದ್ದಿತ್ತು. ಕ್ಲಬ್ಬು ಬದಲಿಸಲಿಲ್ಲ. ಉಳಿದ ಎಂಟಕ್ಕೆ ಎಂಟೂ ಪಂದ್ಯಗಳನ್ನು ತಂಡ ಗೆದ್ದಿತು. 34 ಅಂಕಗಳೊಡನೆ ನಾಲ್ಕನೇ ಸ್ಥಾನಕ್ಕೇರಿ, 2023ರ ಮಾರ್ಚ್‌ನಲ್ಲಿ ಫೈನಲ್ಲನ್ನೂ ಆಡಿತು. ಗೋವಾದಲ್ಲಿ ನಡೆದ ಆ ಫೈನಲ್ಲಿನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಸೋತದ್ದು ಪೆನಾಲ್ಟಿ ಒದೆತಗಳಲ್ಲಿ ಮಾತ್ರ. ಆ ಋತುವಿನ ಆರಂಭದಲ್ಲೇ, 2022ರ ಸೆಪ್ಟೆಂಬರ್‌ನಲ್ಲಿ, ಇದೇ ಗ್ರೇಸನ್ ಕೈಕೆಳಗೆ ತಂಡ ಡುರಾಂಡ್ ಕಪ್ಪನ್ನೂ ಎತ್ತಿತ್ತು.

ಹಾಗಾದರೆ ತಾಳ್ಮೆಯೇ ಸರಿ ಎನ್ನೋಣವೇ? ಅದೇ ಕೋಚಿಗೆ ಮರುವರ್ಷವೂ ತಾಳ್ಮೆ ತೋರಿದ ಫಲ 0-4. "ಎಂಟು ಗೆದ್ದಾಗ ನೀನು ಹೊಗಳಿದ್ದು ಅವನನ್ನೇ. ಈಗ ಸೋತಾಗ ಬೈಯೋದೂ ಅವನನ್ನೇ ತಾನೇ?" ಎಂದು ಪಿಯುಸಿ ಹುಡುಗ ಮಾತಿಗೆ ಮಾತು ಕೊಟ್ಟ.

ಕಂಠೀರವದ ಪಶ್ಚಿಮ ಗ್ಯಾಲರಿ

ಈ ವಾದದ ಮೂಲ ಬೆಂಗಳೂರಿನಲ್ಲಿದೆ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡಿ, ಆಮೇಲೆ ಕಂಠೀರವಕ್ಕೆ ಬಂತು. ಅಲ್ಲಿನ ಪಶ್ಚಿಮ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡಿ ಕೂಗುವ ಅಭಿಮಾನಿಗಳ ಬಳಗಕ್ಕೆ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರು. ತಂಡ ಗೆದ್ದಾಗ ಅವರ ಹಾಡು ಎಷ್ಟು ಜೋರೋ ಸೋತಾಗ ಚರ್ಚೆಯೂ ಅಷ್ಟೇ ಜೋರು. ಆಟಗಾರರ ಆಯ್ಕೆ, ಆಟದ ರೀತಿ, ಬದಲಿ ಆಟಗಾರನನ್ನು ಇಳಿಸಿದ ಹೊತ್ತು, ಯಾವುದನ್ನೂ ಬಿಡುವುದಿಲ್ಲ.

ಕೋಚನ್ನು ಹುಡುಕುವ ಕೆಲಸ ಈ ಕ್ಲಬ್ಬಿಗೆ ಹೊಸದಲ್ಲ. ಮೊದಲು ಬಂದವರು ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್. ಇಲ್ಲಿ ಹೆಸರು ಕೇಳಿದವರೇ ಕಡಿಮೆ. ಆದರೆ ಮೊದಲ ಯತ್ನದಲ್ಲೇ 2013-14ರ ಐ-ಲೀಗ್ ಗೆದ್ದು, 2015-16ರಲ್ಲಿ ಮತ್ತೆ ಗೆಲ್ಲಿಸಿ ಹೋದರು. 2016ರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಅದೇ ವರ್ಷದ ನವೆಂಬರ್‌ನಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. ದೋಹಾದಲ್ಲಿ ಇರಾಕಿನ ತಂಡದೆದುರು ಒಂದೇ ಗೋಲಿನಿಂದ ಕಪ್ಪು ಕೈತಪ್ಪಿತು.

2018ರ ಮಾರ್ಚ್ 17ರಂದು ಕಂಠೀರವದಲ್ಲೇ ಸೂಪರ್ ಲೀಗ್ ಫೈನಲ್. ಚೆನ್ನೈಯಿನ್ ಎದುರು 2-3ರ ಸೋಲು. ಆ ಋತು ಮುಗಿದ ಮೇಲೆ ರೋಕಾ ಹೊರಟರು. ದೊಡ್ಡ ಹೆಸರಿನ ಹೊಸಬರನ್ನು ತರಬೇಕೇ, ಒಳಗಿನವರನ್ನೇ ಬೆಳೆಸಬೇಕೇ ಎಂಬ ಪ್ರಶ್ನೆ ಎದುರಾಯಿತು. ಕ್ಲಬ್ಬು ರೋಕಾ ಅವರ ಸಹಾಯಕ ಕಾರ್ಲ್ಸ್ ಕ್ವಾದ್ರಾತ್ ಅವರಿಗೆ ಪಟ್ಟ ಕಟ್ಟಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ತಂಡದೆದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಸೂಪರ್ ಲೀಗ್ ಕಪ್ಪನ್ನು ತಂದುಕೊಟ್ಟಿತು.

ಆದರೆ ಅದೇ ಕ್ವಾದ್ರಾತ್ 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ಬಳಿಕ, ಹೊರಡಬೇಕಾಯಿತು. ಕೊರೊನಾ ಕಾಲವಾದ್ದರಿಂದ ಆ ವರ್ಷದ ಪಂದ್ಯಗಳೆಲ್ಲ ಗೋವಾದ ಖಾಲಿ ಮೈದಾನಗಳಲ್ಲಿ ನಡೆದಿದ್ದವು. ಕಪ್ಪು ತಂದ ಕೋಚಿಗೆ ಗ್ಯಾಲರಿಯಿಂದ ಕೈಬೀಸಿ ಕಳಿಸಿಕೊಡುವ ಅವಕಾಶವೂ ಅಭಿಮಾನಿಗಳಿಗೆ ಸಿಗಲಿಲ್ಲ. ನೌಶಾದ್ ಮೂಸಾ ಕೆಲಕಾಲ ನೋಡಿಕೊಂಡರು. ಬಳಿಕ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ, 2022ರಲ್ಲಿ ಗ್ರೇಸನ್.

ನಮ್ಮವರಿಗೆ ಏಕಿಲ್ಲ?

"ಎಲ್ಲಾ ಹೊರದೇಶದವರೇ. ನಮ್ಮವರು ಇಬ್ಬರು ಬಂದ್ರೂ ಇಬ್ಬರೂ ತಾತ್ಕಾಲಿಕ. ಇದ್ಯಾವ ನ್ಯಾಯ?" ಎಂದ ಪಿಯುಸಿ ಹುಡುಗ. ಈ ಮಾತಿಗೆ ಅಣ್ಣನೂ ತಲೆದೂಗಿದ. ಆದರೆ ಇದಕ್ಕೊಂದು ಹಿನ್ನೆಲೆ ಉಂಟು. ಅಗ್ರ ಲೀಗಿನ ಮುಖ್ಯ ಕೋಚಿಗೆ ಬರಿಯ ಆಡಿದ ಅನುಭವ ಸಾಲದು, ತರಬೇತಿಯ ಅತ್ಯುನ್ನತ ಅರ್ಹತೆಯಾದ ಪ್ರೊ ಲೈಸೆನ್ಸ್ ಬೇಕು. ಅದಕ್ಕೆ ಮೊದಲು ಕೆಳಗಿನ ದರ್ಜೆಗಳನ್ನು ಒಂದೊಂದಾಗಿ ಮುಗಿಸಬೇಕು, ವರ್ಷಗಳು ಹಿಡಿಯುತ್ತವೆ. ನಮ್ಮಲ್ಲಿ ಆ ಮೆಟ್ಟಿಲು ಹತ್ತಿದವರು ಬೆರಳೆಣಿಕೆಯಷ್ಟು. ಹತ್ತಿದವರಿಗೂ ಅವಕಾಶ ಕೊಡುವ ಧೈರ್ಯ ಕ್ಲಬ್ಬುಗಳಿಗೆ ಕಡಿಮೆ.

ಆ ಮೆಟ್ಟಿಲು ಹತ್ತಿದವರಲ್ಲಿ ಖಾಲಿದ್ ಜಮೀಲ್ ಒಬ್ಬರು. 2016-17ರಲ್ಲಿ ಮಿಜೋರಾಮಿನ ಪುಟ್ಟ ಕ್ಲಬ್ಬು ಐಜ್ವಾಲ್ ಎಫ್‌ಸಿಗೆ ಐ-ಲೀಗ್ ಗೆದ್ದುಕೊಟ್ಟವರು ಅವರು. ಆದರೂ ಭಾರತ ತಂಡದ ಮುಖ್ಯ ಕೋಚ್ ಹುದ್ದೆ ಅವರಿಗೆ ಒಲಿದದ್ದು 2025ರ ಆಗಸ್ಟ್‌ನಲ್ಲಿ, ಎಂಟು ವರ್ಷಗಳ ಬಳಿಕ.

ತಾತನ ತೀರ್ಪು

ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ತಾತ ಎಲೆ ಅಡಿಕೆ ಉಗಿದು ಬಂದು ಕುಳಿತರು. "ಅಲ್ಲ ಕಣ್ರಪ್ಪಾ, ಕಾಯಿ ಬಿಡಲಿಲ್ಲ ಅಂತ ಮರ ಕಡಿಯೋರು ಮೊದಲು ಏನು ನೋಡ್ತಾರೆ?" ಎಂದರು.

ಹುಡುಗರು ಮುಖ ಮುಖ ನೋಡಿಕೊಂಡರು. ಉತ್ತರವನ್ನು ತಾತನೇ ಕೊಟ್ಟರು. ಮೊದಲು ನೀರು ನೋಡಬೇಕು. ಬರದ ವರ್ಷ ಹರಳು ಉದುರಿದರೆ ಅದು ಮರದ ತಪ್ಪಲ್ಲ. ಆಮೇಲೆ ಗೊಬ್ಬರ. ಆಮೇಲೆ ಗರಿ: ಕಪ್ಪುತಲೆ ಹುಳು ತಿಂದಿದ್ದರೆ ಅದಕ್ಕೆ ಮದ್ದುಂಟು, ಮರ ಸುಧಾರಿಸಿಕೊಳ್ಳುತ್ತದೆ. ಕಡೆಗೆ ಬುಡ. ಅಲ್ಲಿ ಅಣಬೆ ಎದ್ದು, ಕಾಂಡದಿಂದ ಕಂದು ರಸ ಸೋರಿ, ಗರಿಗಳು ಜೋತುಬಿದ್ದಿದ್ದರೆ ಕಾಯುತ್ತ ಕೂರುವಂತಿಲ್ಲ. ಅಂಥ ಮರವನ್ನು ಬುಡಸಮೇತ ತೆಗೆದು ಸುಡದಿದ್ದರೆ ಪಕ್ಕದ ಮರಕ್ಕೂ ಬೇರಿನಿಂದ ಬೇರಿಗೆ ರೋಗ ದಾಟುತ್ತದೆ.

"ತಾಳ್ಮೆ ಒಳ್ಳೇದೇ. ಆದ್ರೆ ಯಾಕೆ ಕಾಯ್ತಾ ಇದೀವಿ ಅಂತ ಗೊತ್ತಿರಬೇಕು. ಕಡಿಯೋದಾದ್ರೂ ಅಷ್ಟೆ, ಯಾಕೆ ಅಂತ ಗೊತ್ತಿರಬೇಕು. ಒಂದು ಕುಯ್ಲು ನೋಡಿ ಎರಡನ್ನೂ ಹೇಳಬ್ಯಾಡಿ."

ಚರ್ಚೆಯ ದಾರಿ ಅಲ್ಲಿಂದ ಬದಲಾಯಿತು. ಒಳ್ಳೆಯ ಕೋಚೋ ಕೆಟ್ಟ ಕೋಚೋ ಎಂಬ ಮಾತು ಹಿಂದೆ ಸರಿದು, ತಂಡಕ್ಕೆ ಆಗಿರುವುದೇನು ಎಂಬ ಪ್ರಶ್ನೆ ಮುಂದೆ ಬಂತು. ಹೋದ ವರ್ಷದ ಆಟಗಾರರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಮೂವತ್ತೊಂಬತ್ತು ದಾಟಿದ ನಾಯಕ ಸುನಿಲ್ ಛೆಟ್ರಿ ಅವರ ಬಳಿಕ ಗೋಲು ಹೊಡೆಯುವವರು ಯಾರು? ಹೊಸ ಕೋಚ್ ಬಂದರೂ ಆಡಬೇಕಾದವರು ಇದೇ ಹುಡುಗರಲ್ಲವೇ? ಅರ್ಧ ತಾಸಿನ ಹಿಂದೆ ಕೂಗಾಡುತ್ತಿದ್ದವರು ಈಗ ಕಾಗದದ ಮೇಲೆ ಹನ್ನೊಂದು ಹೆಸರು ಬರೆದು, ಹೊಡೆದು ಹಾಕಿ, ಮತ್ತೆ ಬರೆಯತೊಡಗಿದರು.

ಯಜಮಾನರು ಆ ಕಾಗದವನ್ನೇ ನೋಡುತ್ತಿದ್ದರು. ಮಗನ ಮೊದಲ ಟೆಸ್ಟಿನ ಅಂಕಗಳು ಹಿಂದಿನ ವಾರ ಬಂದಿದ್ದವು. ಊರಿನ ಕಾಲೇಜಿನಲ್ಲಿ ಮೇಲಿನ ಸಾಲಿನಲ್ಲಿದ್ದ ಹುಡುಗ ಎರಡು ವಿಷಯಗಳಲ್ಲಿ ಕೆಳಗಿಳಿದಿದ್ದ. ಈ ದರದಲ್ಲಿ ಕೊಬ್ಬರಿ ಮಾರಿ ಫೀಸು ಕಟ್ಟಿದವರಿಗೆ ಅದು ಹೊಟ್ಟೆಗೆ ಬಿದ್ದ ಕಿಚ್ಚು. ಆ ಕಾಲೇಜು ಬಿಡಿಸಿ ಹತ್ತಿರದಲ್ಲಿ ಬೇರೇನಾದರೂ ಓದಿಸುವುದೆಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಮಗನಿಗೂ ಅದರ ಸುಳಿವಿತ್ತು. ಕೋಚಿನ ಪರವಾಗಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದಕ್ಕೆ ಅದೂ ಒಂದು ಕಾರಣವಿದ್ದೀತು.

ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಯಜಮಾನರು ಅಂಗಿ ಹಾಕಿಕೊಂಡು ಮಗನ ಜೊತೆ ನಿಲ್ದಾಣದವರೆಗೆ ನಡೆದರು. ದಾರಿಯಲ್ಲಿ ಕೇಳಿದ್ದು ಒಂದೇ ಮಾತು: "ಯಾವುದು ಅರ್ಥ ಆಗ್ತಿಲ್ಲಪ್ಪ, ಪಾಠವೋ, ಇಂಗ್ಲಿಷೋ?"

ಮಗ ತುಸು ಹೊತ್ತು ಸುಮ್ಮನಿದ್ದು, "ಇಂಗ್ಲಿಷು" ಎಂದ.

ಆಮೇಲೆ ನಡೆದದ್ದು

ಅದೇ ಡಿಸೆಂಬರ್‌ನಲ್ಲಿ ಕ್ಲಬ್ಬು ಸ್ಪೇನಿನ ಜೆರಾರ್ಡ್ ಜರಗೋಜಾ ಅವರನ್ನು ಕರೆತಂದಿತು. 2019ರಲ್ಲಿ ಕಪ್ಪು ಗೆದ್ದಾಗ ಕ್ವಾದ್ರಾತ್ ಅವರ ಸಹಾಯಕರಾಗಿ ಇದೇ ತಂಡದಲ್ಲಿದ್ದವರು. ಅವರು ಬಂದ ತಕ್ಷಣ ಪವಾಡವೇನೂ ಆಗಲಿಲ್ಲ. 2023-24ರಲ್ಲಿ ತಂಡ ಮುಗಿಸಿದ್ದು ಹತ್ತನೇ ಸ್ಥಾನದಲ್ಲಿ. ಬದಲಿಸಿ ಎನ್ನುವವರು ಮತ್ತೆ ಇದ್ದರು. ಕ್ಲಬ್ಬು ಈ ಸಲ ಕಾಯಿತು. ಮರುವರ್ಷ ಮೂರನೇ ಸ್ಥಾನ, 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಫೈನಲ್. ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2ರ ಸೋಲು.

ಕೊಬ್ಬರಿಯ ದರವೂ ಹಾಗೆಯೇ ತಿರುಗಿತು. 2023ರಲ್ಲಿ ನೆಲಕಚ್ಚಿದ್ದ ದರ 2025ರಲ್ಲಿ ಕ್ವಿಂಟಾಲಿಗೆ 20,000 ರೂಪಾಯಿ ದಾಟಿತು. ಆದರೆ ಬರ, ಬಿಸಿಲು, ರೋಗಗಳಿಗೆ ಸಿಕ್ಕ ತೋಟಗಳಲ್ಲಿ ಮಾರಲು ಕಾಯಿಯೇ ಕಡಿಮೆ. ನೀರು ಹಾಯಿಸಿ ಮರ ಉಳಿಸಿಕೊಂಡವರಿಗೆ ಆ ದರ ದಕ್ಕಿತು.

ಕಂದಿಕೆರೆಯ ಆ ಮನೆಯ ಅಟ್ಟದಲ್ಲಿ ಈಗಲೂ ಕಾಯಿ ತುಂಬಿದೆ. ವಾರಕ್ಕೊಮ್ಮೆ ಯಾರಾದರೂ ಏಣಿ ಹತ್ತಿ ಒಂದೆರಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಸದ್ದು ಬರದಿದ್ದರೆ ಇದ್ದಲ್ಲೇ ಇಟ್ಟು ಇಳಿಯುತ್ತಾರೆ.