ಕೂಲಿ ಸಿಗುತ್ತಿಲ್ಲ ಎಂದವರ ಎದುರು

ಮಂಡ್ಯ ಸೀಮೆಯ ಒಂದು ತಾಲ್ಲೂಕು ಸಾಹಿತ್ಯ ಸಮ್ಮೇಳನ. ಈಗ ಕೃಷಿ ಗೋಷ್ಠಿ. ವಿಷಯ ಭತ್ತದ ಬೇಸಾಯ. ಊಟದ ಕೌಂಟರ್ ಕಡೆಯಿಂದ ಒಗ್ಗರಣೆ ವಾಸನೆ ತೇಲಿ ಬರುತ್ತಿದೆ, ಹಿಂದಿನ ಸಾಲುಗಳು ಖಾಲಿಯಾಗುತ್ತಿವೆ. ವೇದಿಕೆ ಮೇಲೆ ಅಧ್ಯಕ್ಷರು, ಆಶಯ ನುಡಿಯವರು, ಮೂವರು ವಿಷಯ ಮಂಡಕರು. ಐವರೂ ಗಂಡಸರು. ಹಾರ, ಶಾಲುಗಳ ತಟ್ಟೆ ಹಿಡಿದು ಇಬ್ಬರು ವಿದ್ಯಾರ್ಥಿನಿಯರು ನಿಂತಿದ್ದಾರೆ.

ಆಹ್ವಾನ ಪತ್ರಿಕೆ ತಿರುಗಿಸಿ ನೋಡುತ್ತೇನೆ. ಹೆಣ್ಣುಮಕ್ಕಳ ಹೆಸರುಗಳೆಲ್ಲ ನಾಳೆಯ ಮಹಿಳಾ ಗೋಷ್ಠಿಯಲ್ಲಿವೆ. ಪಕ್ಕದಲ್ಲಿದ್ದ ಸಂಘಟಕರನ್ನು ಕೇಳಿದರೆ, "ತಲೆ ಎಣಿಸ್ಕೊಂಡು ಕೂತ್ರೆ ಆಗುತ್ತಾ ಮೇಡಂ? ವಿಚಾರ ಮುಖ್ಯ. ಎಲ್ಲ ಥರದ ಅಭಿಪ್ರಾಯದವರನ್ನೂ ಕರೆದಿದೀವಿ" ಎನ್ನುತ್ತಾರೆ.

ಇದೇ ಮಂಡ್ಯದಲ್ಲಿ 1974ರಲ್ಲಿ ಜಯದೇವಿತಾಯಿ ಲಿಗಾಡೆ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಸಮ್ಮೇಳನಗಳು ಶುರುವಾದದ್ದು 1915ರಲ್ಲಿ. 2024ರವರೆಗಿನ 87 ಸಮ್ಮೇಳನಗಳಿಗೆ ಅಧ್ಯಕ್ಷರಾದ ಮಹಿಳೆಯರು ನಾಲ್ವರೇ. ಎಣಿಸದೇ ಇದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ.

ವೇದಿಕೆಯಲ್ಲಿ ಮೊದಲ ಮಂಡಕರು ಕೂಲಿಯಾಳು ಸಿಗುತ್ತಿಲ್ಲ, ನಾಟಿ ಯಂತ್ರವೇ ಗತಿ ಎನ್ನುತ್ತಾರೆ. ಎರಡನೆಯವರು ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಹೆಚ್ಚಬೇಕೆಂದರೆ, ಮೂರನೆಯವರಿಗೆ ಸಬ್ಸಿಡಿ ಸಾಲದು. ಸರ್ಕಾರವನ್ನು ಒಬ್ಬರು ಬೈದರು, ಇನ್ನೊಬ್ಬರು ಹೊಗಳಿದರು. ಭಿನ್ನಾಭಿಪ್ರಾಯ ಇರುವುದು ನಿಜ. ಆದರೆ ಐವರೂ ಕೂಲಿ ಕೊಡುವವರ ಕಡೆಯವರೇ.

ಸಂವಾದಕ್ಕೆ ಉಳಿದದ್ದು ಸ್ವಲ್ಪ ಹೊತ್ತು. ಎಡಗಡೆ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಲ್ಲುತ್ತಾಳೆ. ಹಿಮ್ಮಡಿ ಒಡೆದಿದೆ, ಕಾಲ್ಬೆರಳ ಸಂದುಗಳು ಕೆಸರಿಗೆ ಬೆಂದು ಬಿಳಿಚಿವೆ. "ಬೇಗ ಹೇಳಮ್ಮ," ಅಧ್ಯಕ್ಷರ ಅವಸರ.

"ಕೂಲಿ ಸಿಕ್ಕಕಿಲ್ಲ ಅಂದ್ರಲ್ಲ ಸ್ವಾಮಿ, ನಾವ್ ಇಲ್ಲೇ ಇದೀವಲ್ಲ! ನಾಟಿ ಹಾಕೋರು ನಾವು. ಮಿಷಿನ್ ಬಂದ್ಮೇಲೆ ನಮ್ಗೆ ಯಾವ್ ಕೆಲ್ಸ ಕೊಡ್ತೀರಿ?"

ಸಂಘಟಕರು ಮೈಕಿಗೆ ಕೈ ಚಾಚುವಷ್ಟರಲ್ಲಿ ಹಿಂದಿನಿಂದ ಮತ್ತೊಬ್ಬಳು: "ನಿನ್ ಮಾತು ಸರಿ ಕಣಕ್ಕ. ಆದ್ರೆ ನಂಗೆ ಮಿಷಿನ್ನೇ ಬೇಕು. ನಾಲೇಲಿ ನೀರು ಬಿಟ್ಟಾಗ ಎಲ್ರಿಗೂ ಒಂದೇ ಸಲ ಆಳು ಬೇಕಾಯ್ತದೆ. ಬಾಡಿಗೆ ಕೇಳಕ್ಕೋದ್ರೆ, ಪಾಣಿ ಯಾರ್ ಹೆಸ್ರಲ್ಲದೆ, ನಿನ್ ಗಂಡನ್ನ ಕರ್ಕಂಬಾ ಅಂತಾರೆ."

ಇಬ್ಬರು ಹೆಂಗಸರು, ಎರಡು ದಾರಿ. ವೇದಿಕೆಯ ಐವರಲ್ಲಿ ಒಬ್ಬರೂ ಆಡದ ಮಾತುಗಳು ಇವು. ಅಲ್ಲಿ ಇಬ್ಬರು ಮಹಿಳಾ ಅಧಿಕಾರಿಗಳನ್ನು ಕೂರಿಸಿದ್ದರೂ ಲೆಕ್ಕ ಸರಿಹೋಗುತ್ತಿತ್ತೇನೋ, ಈ ಮಾತುಗಳು ಬರುತ್ತಿದ್ದವೆಂಬ ಖಾತರಿ ನನಗಿಲ್ಲ. ನಾಳೆ ಮಹಿಳಾ ಗೋಷ್ಠಿಯಲ್ಲಿ ಬಂದರೂ ಈ ಐವರು ಕೇಳಲು ಇರುವುದಿಲ್ಲ.

ಮೊದಲನೆಯವಳು ಇನ್ನೂ ಕೂತಿಲ್ಲ. "ಅಂಗಾದ್ರೆ ಮಿಷಿನ್ ಓಡ್ಸೋದ್ನ ನಮ್ ಸಂಘದ ಹೆಣ್ಮಕ್ಳಿಗೆ ಕಲ್ಸಿ."

ಆಗದ ಮಾತು ಎಂದು ಒಬ್ಬ ಮಂಡಕರು ತಲೆಯಾಡಿಸಿದರು. ಯಾಕಾಗದು ಎಂದು ಪಕ್ಕದವರು ಅವರ ಕಡೆಗೇ ತಿರುಗಿ ಕೂತರು.