ಕಾಕಾನ ಡಬ್ಬಿಗೊಂದು ಫ್ಯಾನು

ಈ ಸಲ ಬೇಸಿಗೆಗೆ ಭಾಲ್ಕಿಗೆ ಹೋದಾಗ ಕಾಕಾನ ಅಂಗಡಿಯಲ್ಲಿ ಹೊಸ ಅತಿಥಿ. ಔರಾದಿನಲ್ಲಿ ಯಾರೋ ಐಸ್‌ಕ್ರೀಮ್ ಅಂಗಡಿ ಮುಚ್ಚಿದಾಗ ಕೊಂಡ ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್! ಹೊರಗೊಂದು ಥರ್ಮೋಸ್ಟಾಟ್ ಹಾಕಿಸಿ, 4 ಡಿಗ್ರಿಗಿಟ್ಟು, ಹಾಲು-ಮಜ್ಜಿಗೆ ಪ್ಯಾಕೆಟ್ ತುಂಬಿದ್ದರು. ಆದ್ರೆ ತಳದ ಪ್ಯಾಕೆಟ್ ಕಲ್ಲು, ಮೇಲಿನದು ಸಂಜೆಗೆ ಹುಳಿ. ದಿನಾ ಹತ್ತು-ಹದಿನೈದು ಪ್ಯಾಕೆಟ್ ಚರಂಡಿಪಾಲು.

"ಇಂಜಿನಿಯರ್ ಅದಿ ಅಲ್ಲೇನೋ, ಜರಾ ನೋಡು ಇದಕ್ಕ" ಅಂದರು ಕಾಕಾ.

ನಾನು ಬರೆಯೋದು ಜಾವಾ ಕೋಡು. ಆದ್ರೆ ಬೀದರಿನಲ್ಲಿ ಓದುವಾಗ ಎರಡು ಸೆಮಿಸ್ಟರ್ ಫೀಸು ಕಟ್ಟಿದ್ದು ಇದೇ ಕಾಕಾ. ಒಲ್ಲೆ ಅನ್ನೋದು ಹ್ಯಾಗೆ?

ಥರ್ಮಾಮೀಟರ್ ಇಟ್ಟು ನೋಡಿದೆ. ತಳದಲ್ಲಿ ಮೈನಸ್ 1, ಮುಚ್ಚಳದ ಹತ್ತಿರ 11! ತಣ್ಣನೆ ಗಾಳಿ ಭಾರ, ಕೆಳಗೇ ಕೂರುತ್ತೆ. ಥರ್ಮೋಸ್ಟಾಟಿನ ಸೆನ್ಸರ್ ನಡುವೆ ನೇತಾಡುತ್ತಾ ಎಲ್ಲ ಸರಿಯಿದೆ ಅಂದುಕೊಂಡಿತ್ತು. ಅಮೆರಿಕದಲ್ಲಿ ಮನೆಯಲ್ಲೇ ಬೀರು ಮಾಡುವವರು ಇಂಥದೇ ಫ್ರೀಜರಿನಲ್ಲಿ ಪೀಪಾಯಿ ಇಟ್ಟು, ಅದಕ್ಕೆ 'ಕೀಜರ್' ಅಂತ ಹೆಸರಿಟ್ಟಿದ್ದಾರೆ. ಒಳಗೊಂದು ಕಂಪ್ಯೂಟರ್ ಫ್ಯಾನ್ ಹಾಕಿ ಗಾಳಿ ಕದಡುತ್ತಾರೆ. ಹೇಳಿದ್ದಕ್ಕೆ ಕಾಕಾ, "ಬೀರಿನ ಡಬ್ಬಿ ವಿದ್ಯಾ ಮಜ್ಜಿಗಿಗಿ ತಂದಿ ಅನ್ನು!"

ಬೀದರಿಗೆ ಹೋಗಿ 12 ವೋಲ್ಟಿನ ಫ್ಯಾನ್ ತಂದೆ. ಮೊಬೈಲ್ ಚಾರ್ಜರಿಗೆ ಜೋಡಿಸಿದರೆ ತಿರುಗಲೇ ಇಲ್ಲ. ಅದು ಕೊಡೋದು 5 ವೋಲ್ಟು ಅನ್ನೋದನ್ನೇ ಮರೆತಿದ್ದೆ, ನಾಚಿಕೆ! ಕೊನೆಗೆ ಹಳೇ ರೂಟರಿನ 12 ವೋಲ್ಟ್ ಅಡಾಪ್ಟರ್ ಕೈಹಿಡಿಯಿತು. ತೇವದ ಪೆಟ್ಟಿಗೆಯೊಳಗೆ 230 ವೋಲ್ಟ್ ಬೇಡ ಅಂತ ಅಡಾಪ್ಟರನ್ನು ಹೊರಗೇ ಇಟ್ಟೆ.

ವೈರು ಒಳಗೆ ಹೋಗೋದೆಲ್ಲಿ? ಕಾಕಾ ಡ್ರಿಲ್ ಹಿಡಿದೇ ಬಂದರು. ಗೋಡೆಯೊಳಗೆ ಗ್ಯಾಸ್ ಕೊಳವೆ ಇರುತ್ತೆ, ಒಂದು ತೂತು ಬಿದ್ರೆ ಫ್ರೀಜರ್ ಗುಜರಿಗೇ ಅಂತ ತಡೆದೆ. ತಳದಲ್ಲಿ ನೀರು ಹೋಗುವ ತೂತಿನಿಂದ ವೈರು ಎಳೆದೆವು. ತೂತಿಗೆ ಬಿರಡೆ ಹಾಕೋದು ಮರೆತು, ಮರುದಿನ ಹೊರಗಿನ ಗಾಳಿಯ ತೇವವೆಲ್ಲ ಒಳಗೆ ಹಿಮವಾಗಿ ಕೂತಿತ್ತು. ಅದನ್ನೂ ಸರಿಮಾಡಿದ್ದಾಯ್ತು.

"ಕರೆಂಟ್ ಬಿಲ್ ಎಷ್ಟ್ ಏರ್ತದ?" ಸುಮಾರು 2 ವ್ಯಾಟ್ ಫ್ಯಾನು. ದಿನಪೂರ್ತಿ ತಿರುಗಿದರೂ ಇಪ್ಪತ್ತು ದಿನಕ್ಕೆ ಒಂದು ಯೂನಿಟ್ ಕಾಕಾ!

ಈಗ ತಳದಲ್ಲಿ 3, ಮೇಲೆ 5. ಹೊರಡೋ ದಿನ ಕಾಕಾ ತಣ್ಣನೆ ಮಜ್ಜಿಗೆ ಕೈಗಿಟ್ಟು, "ಫೀಸ್ ವಸೂಲ್ ಆಯ್ತ್ ನೋಡು" ಅಂದರು. ನಕ್ಕೆ. ಬಸ್ಸು ಹತ್ತಿದ ಮೇಲೆ ಯಾಕೋ ಕಣ್ಣು ಒದ್ದೆಯಾಯ್ತು.

ನಿಮ್ಮ ಡಿಗ್ರಿ ಮನೆಯವರ ಕೆಲಸಕ್ಕೆ ಯಾವತ್ತಾದ್ರೂ ಬಂದಿದೆಯಾ? ಬರೀರಿ :)