ನನ್ನದೊಂದು ಪುಟ್ಟ ಗಿಟ್

ಇರುವುದನ್ನೇ ಮತ್ತೆ ಬರೆಯುವುದೆಂದರೆ ನನಗೆ ತೀರದ ಆಸೆ. ಆಫೀಸಿನಲ್ಲಿ ಸಿದ್ಧ ಲೈಬ್ರರಿ ತಂದು ಜೋಡಿಸುವುದೇ ಸರಿ, ಅದರ ಬಗ್ಗೆ ತಕರಾರಿಲ್ಲ. ರಜೆಯ ದಿನ ಮಾತ್ರ, ವರ್ಷಗಟ್ಟಲೆ ಕಣ್ಣುಮುಚ್ಚಿ ಬಳಸಿದ ಯಾವುದಾದರೊಂದನ್ನು ತಳಪಾಯದಿಂದ ಕಟ್ಟಬೇಕು ಅನ್ನಿಸುತ್ತದೆ. ಸದ್ಯಕ್ಕೆ ಅದು ಗಿಟ್, ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ.

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಗಿಟ್, ಕೆಲವೇ ದಿನಗಳಲ್ಲಿ ತನ್ನ ಕೋಡನ್ನು ತಾನೇ ಕಾಪಾಡಿಕೊಳ್ಳತೊಡಗಿತ್ತು. ಅಷ್ಟು ಬೇಗ ಹೇಗಾಯಿತು ಎಂಬುದು ಬರೆಯಲು ಕೂತರೆ ತಿಳಿಯುತ್ತದೆ: ಅದರ ತಿರುಳು ಅಷ್ಟು ಚಿಕ್ಕದು. ಫೈಲಿನ ಮುಂದೆ ‘ಬ್ಲಾಬ್’ ಎಂದು ಬರೆದು, ಉದ್ದ ಸೇರಿಸಿ, ಒಂದು ಸೊನ್ನೆ ಬೈಟು ಇಟ್ಟು ಎಸ್‌ಎಚ್‌ಎ-1 ಲೆಕ್ಕ ಹಾಕಿದರೆ 40 ಅಂಕಿ-ಅಕ್ಷರಗಳ ಹ್ಯಾಶ್ ಸಿಗುತ್ತದೆ; ಗಿಟ್‌ನೊಳಗೆ ಅದೇ ಅದರ ಹೆಸರು. ಖಾಲಿ ಫೈಲಿಗೆ ನನ್ನ ಪ್ರೋಗ್ರಾಂ ‘ಇ69ಡಿಇ29’ ಎಂದು ಆರಂಭವಾಗುವ ಹ್ಯಾಶ್ ಕೊಟ್ಟಾಗ ಕುರ್ಚಿಯಿಂದ ಎದ್ದುಬಿಟ್ಟೆ. ಅಸಲಿ ಗಿಟ್ ಕೊಡುವುದೂ ಅದನ್ನೇ!

ಉದ್ದ ಎಂದೆನಲ್ಲ, ಯಾವ ಉದ್ದ? ‘ಕನ್ನಡ’ ಎಂಬಷ್ಟೇ ಇರುವ ಫೈಲಿನಲ್ಲಿ ಕಣ್ಣಿಗೆ ಕಾಣುವುದು 3 ಅಕ್ಷರ. ಒತ್ತು ಬಿಡಿಸಿದರೆ ಯೂನಿಕೋಡಿನ 5 ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದರೆ 15 ಬೈಟು. ಗಿಟ್‌ಗೆ ಬೇಕಾದದ್ದು ಈ 15. ಅದಕ್ಕೆ ಲಿಪಿಯ ಗೊಡವೆಯೇ ಇಲ್ಲ. ಆದ್ದರಿಂದಲೇ ಕನ್ನಡದ ಬರಹವೂ ಅಲ್ಲಿ ಒಂದು ಚೂರೂ ಕೆಡದೆ ಉಳಿಯುತ್ತದೆ.

ಹ್ಯಾಶ್ ಸಿಕ್ಕ ಮೇಲೆ ಝಡ್‌ಲಿಬ್‌ನಿಂದ ಕುಗ್ಗಿಸಿ ಡಿಸ್ಕಿಗೆ ಹಾಕಬೇಕು. ಈ ಕ್ರಮ ಗಿಟ್‌ನ ಮೊದಲ ದಿನಗಳಲ್ಲಿ ತಿರುವುಮುರುವಾಗಿತ್ತು: ಕುಗ್ಗಿಸಿದ ಮೇಲೆ ಹ್ಯಾಶ್. ಹಾಗೆ ಮಾಡಿದರೆ ಕುಗ್ಗಿಸುವ ಮಟ್ಟ ಬದಲಾದೊಡನೆ ಅದೇ ಫೈಲಿಗೆ ಬೇರೆ ಹೆಸರು ಬರುತ್ತದೆ. ಆ ಏಪ್ರಿಲ್‌ನಲ್ಲೇ ಅದನ್ನು ಬದಲಿಸಿದರು.

ನನಗೆ ಅತಿ ಪ್ರಿಯವಾದ ಭಾಗ ಟ್ರೀ, ಅಂದರೆ ಒಂದು ಫೋಲ್ಡರಿನಲ್ಲಿ ಇರುವವುಗಳ ಪಟ್ಟಿ. ಒಂದೇ ಕಡೆ ‘ಲಿಬ್’ ಎಂಬ ಫೋಲ್ಡರ್, ‘ಲಿಬ್.ಸಿ’ ಎಂಬ ಫೈಲು ಇವೆ ಅನ್ನಿ. ಚಿಕ್ಕ ಹೆಸರು ಮೊದಲು ಬರಬೇಕಲ್ಲವೇ? ಗಿಟ್‌ನಲ್ಲಿ ಫೈಲೇ ಮೊದಲು. ಫೋಲ್ಡರಿನ ಹೆಸರಿನ ತುದಿಯಲ್ಲಿ ಓರೆಗೆರೆ ಇದೆಯೆಂದು ಭಾವಿಸಿ ಅದು ಹೋಲಿಸುತ್ತದೆ. ಆಸ್ಕಿಯಲ್ಲಿ ಚುಕ್ಕಿಯ ಮುಂದಿನ ಸ್ಥಾನವೇ ಓರೆಗೆರೆಯದು. ಈ ವಿಚಿತ್ರ ನಿಯಮ ಯಾಕೆಂದು ಎಷ್ಟು ಓದಿದರೂ ಮನಸ್ಸಿಗೆ ಇಳಿದಿರಲಿಲ್ಲ. ಮುಂದೆ ದಾಖಲಿಸಬೇಕಾದ ಫೈಲುಗಳ ಪಟ್ಟಿಯನ್ನು, ಅಂದರೆ ಇಂಡೆಕ್ಸನ್ನು, ಬರೆದಾಗ ಇಳಿಯಿತು. ಇಂಡೆಕ್ಸಿನಲ್ಲಿ ಫೋಲ್ಡರುಗಳೇ ಇಲ್ಲ, ಪೂರ್ತಿ ದಾರಿಗಳ ಒಂದೇ ಸಾಲು. ಟ್ರೀ ಕೂಡ ಅದೇ ಕ್ರಮದಲ್ಲಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು, ಹಿಂದೆ ತಿರುಗದೆ, ಒಂದೇ ಓಟದಲ್ಲಿ ಹೋಲಿಸಬಹುದು. ಯಾರೋ ಹಾಕಿದ ನಿಯಮ ಹೀಗೆ ನನ್ನ ಅಗತ್ಯವೂ ಆಗುವ ಗಳಿಗೆಗಾಗಿಯೇ ನಾನು ಈ ಕೆಲಸ ಮಾಡುವುದು.

ಮುಂದಿನದು ಡಿಫ್, ಅಂದರೆ ಫೈಲಿನ ಎರಡು ಆವೃತ್ತಿಗಳ ವ್ಯತ್ಯಾಸ ತೋರಿಸುವುದು. ಯೂಜೀನ್ ಮೈಯರ್ಸ್ 1986ರಲ್ಲಿ ಪ್ರಕಟಿಸಿದ ಕ್ರಮವನ್ನು ಕಾಗದದ ಮೇಲೆ ಚೌಕಳಿ ಹಾಕಿ ಬಿಡಿಸುತ್ತಿದ್ದೇನೆ: ಅಡ್ಡ ಹೋದರೆ ಅಳಿಸುವುದು, ಕೆಳಗಿಳಿದರೆ ಸೇರಿಸುವುದು, ಓರೆ ದಾರಿಗೆ ಖರ್ಚೇ ಇಲ್ಲ. ಸಾಲುಗಳ ಹೋಲಿಕೆ ಸರಿಯಾಯಿತು. ಇನ್ನು ಹಿಂದಿನಿಂದ ದಾರಿ ಹುಡುಕಿ ಮುದ್ರಿಸುವುದಿದೆ.